ಹೊಟ್ಟೆಬಾಕ ಕುದುರೆಗೊಂದು ಜಾಳಿಗೆ

ನನಗೆ ತಿಳಿದ ವಿಷಯಗಳು ಬಹಳ ಇಲ್ಲ. ಅರಳೆಯ ಎಳೆಯನ್ನು ಬೆರಳಲ್ಲಿ ಎಳೆದು ನೋಡಿ ಅದು ಯಾವ ಕಡೆಯ ಹೊಲದ್ದೆಂದು ಸುಮಾರಾಗಿ ಹೇಳಬಲ್ಲೆ. ಸಭೆಗಳಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಮಾಡಬಲ್ಲೆ. ಇವೆರಡನ್ನು ಬಿಟ್ಟರೆ ನಾನು ಅಧಿಕಾರದಿಂದ ಮಾತಾಡಬಹುದಾದ ಇನ್ನೊಂದೇ ವಿಷಯವಿದೆ. ದುರದೃಷ್ಟವಶಾತ್ ಅದನ್ನು ಯಾರೂ ಕೇಳುವುದಿಲ್ಲ. ಅದು ಕುದುರೆಯ ಹುಲ್ಲಿನ ಜಾಳಿಗೆ.

ಜಾಳಿಗೆಯೆಂದರೆ ಬಲೆಯಿಂದ ಮಾಡಿದ ಚೀಲ. ಅದರೊಳಗೆ ಒಣಹುಲ್ಲು ತುರುಕಿ, ಬಾಯಿ ಬಿಗಿದು, ಲಾಯದ ಗೂಟಕ್ಕೆ ತೂಗುಹಾಕುವುದು. ಕುದುರೆ ಬಲೆಯ ಕಣ್ಣುಗಳಿಂದ ಅಷ್ಟಷ್ಟೇ ಎಳೆದು ತಿನ್ನಬೇಕು. ಹಸಿದವನ ಮುಂದೆ ಎಲೆ ಹಾಕಿ, ಅನ್ನವನ್ನು ಕಿಟಕಿಯ ಸರಳಿನಾಚೆ ಇಟ್ಟಂತೆ. ನಮ್ಮ ಆದವಾನಿಯಲ್ಲಿ ಕುದುರೆಯುಳ್ಳವರೆಲ್ಲ ಹುಲ್ಲನ್ನು ಗೋದಲಿಗೆ ಸುರಿದು ತಮ್ಮ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಲಾಯದಲ್ಲಿ ಬಲೆ ತೂಗುವುದನ್ನು ಕಂಡ ಪಕ್ಕದ ಅಂಗಡಿಯವನು, "ಏನ್ರಿ ಸಾವ್ಕಾರ್ರ, ಕುದುರಿಗೆ ಮೀನ ಹಿಡಿಯಾದು ಕಲಸಾಕತ್ತೀರೇನು?" ಎಂದ. ವಿದ್ವತ್ತಿಗೆ ನಮ್ಮ ಊರಿನಲ್ಲಿ ಸಿಗುವ ಮರ್ಯಾದೆ ಇಷ್ಟೇ.

ಪಂಡಿತರು ತಮ್ಮ ಪಾಂಡಿತ್ಯಕ್ಕೆಲ್ಲ ಗುರುವೇ ಕಾರಣ ಎನ್ನುತ್ತಾರೆ. ನನ್ನ ಪಾಂಡಿತ್ಯಕ್ಕೆ ಕಾರಣ ನಮ್ಮಣ್ಣ. ಬದುಕಿದ್ದಾಗ ಆತ ನನಗೆ ಏನನ್ನೂ ಕಲಿಸಲಿಲ್ಲ. ಕಲಿಸಿದ್ದು ತೀರಿಕೊಂಡ ಮೇಲೆ.

ಅಣ್ಣ ಅರಳೆ ವ್ಯಾಪಾರದಲ್ಲಿ ಹೆಸರು ಮಾಡಿದವನು. ಊಟದಲ್ಲಿ ಅದಕ್ಕಿಂತ ದೊಡ್ಡ ಹೆಸರು ಮಾಡಿದವನು. ಮಧ್ಯಾಹ್ನ ಗಂಗಾಳದ ಮುಂದೆ ಕುಳಿತನೆಂದರೆ ಮಾತಿಲ್ಲ, ಕತೆಯಿಲ್ಲ. ಮೊದಲ ತುತ್ತಿಗೆ ಮೂಗಿನಿಂದ "ಹ್ಞೂಂ" ಎಂದು ಸಣ್ಣಗೆ ಒಂದು ಸದ್ದು, ದಸ್ತಾವೇಜಿಗೆ ಮೊಹರು ಒತ್ತಿದ ಹಾಗೆ. ಆಮೇಲೆ ಗಂಗಾಳ ಖಾಲಿಯಾಗುವುದನ್ನು ನೋಡಬೇಕು. ನನ್ನ ರೊಟ್ಟಿಗೆ ಪಲ್ಯ ಬೀಳುವಷ್ಟರಲ್ಲಿ ಆತ ಕೈ ತೊಳೆಯುತ್ತಿದ್ದ. ನಮ್ಮ ಮನೆಯಲ್ಲಿ ಗಂಡ ಉಂಡು ಎದ್ದ ಮೇಲೆಯೇ ಹೆಂಡತಿಯ ಊಟ. ಅತ್ತಿಗೆ ಕಂಬದ ಮರೆಯಲ್ಲಿ ನಿಂತಿರುತ್ತಿದ್ದರು. "ಒಂದಿಷ್ಟು ಸಾವಕಾಶ ಉಣ್ಣಬಾರದೇನಣ್ಣ?" ಎಂದು ನಾನೊಮ್ಮೆ ಕೇಳಿದ್ದಕ್ಕೆ, "ನಾ ಲಗೂ ಉಂಡ್ರ ಆಕಿ ಲಗೂ ಉಣ್ತಾಳಪಾ" ಎಂದ. ಹೊಟ್ಟೆಬಾಕತನಕ್ಕೆ ದಾಂಪತ್ಯಪ್ರೇಮದ ಹೊದಿಕೆ ಹೊದಿಸಿದ ಇನ್ನೊಬ್ಬನನ್ನು ನಾನು ಕಂಡಿಲ್ಲ.

ಒಂದು ಬೇಸಿಗೆಯಲ್ಲಿ ಉಂಡು ಎದ್ದವನು ಹೊಟ್ಟೆ ಹಿಡಿದುಕೊಂಡು ಕುಳಿತ. ಹೊತ್ತು ಮುಳುಗುವುದರೊಳಗೆ ಹೋಗಿಬಿಟ್ಟ.

ಕುದುರೆ ಅವನದು. ಹೆಸರು ಮೋತಿ. ಜಟಕಾಕ್ಕೆ ಕಟ್ಟಿ ಎಮ್ಮಿಗನೂರಿಗೆ, ಚಿಪ್ಪಗಿರಿಯ ಕಡೆಯ ಹಳ್ಳಿಗಳಿಗೆ ವ್ಯಾಪಾರಕ್ಕೆ ಹೋಗುತ್ತಿದ್ದುದು ಅದರಲ್ಲೇ. ಮೋತಿಯಷ್ಟು ಸಭ್ಯವಾಗಿ ತಿನ್ನುವ ಪ್ರಾಣಿ ಇನ್ನೊಂದಿರಲಿಲ್ಲ. ಒಂದು ಎಸಳು ಎಳೆದುಕೊಂಡು, ಅದರ ಬಗ್ಗೆ ವಿಚಾರ ಮಾಡಿ, ಮತ್ತೊಂದಕ್ಕೆ ಬಾಯಿ ಹಾಕುವುದು. ಅಣ್ಣ ಅದನ್ನು ಕಂಡರೆ ಅಸಹನೆಯಿಂದ ತಲೆ ಅಲ್ಲಾಡಿಸುತ್ತಿದ್ದ.

ಅಣ್ಣ ಹೋದ ಮೂರನೆಯ ದಿನ ಸಮಾಧಿಗೆ ಎಡೆ ಕೊಟ್ಟು ಮನೆಗೆ ಬಂದೆವು. ಮಟಮಟ ಮಧ್ಯಾಹ್ನ. ನಮ್ಮ ಊರಿನ ಮಧ್ಯಾಹ್ನವನ್ನು ಕಾಣದವರಿಗೆ ಒಂದು ಮಾತು ಹೇಳಬೇಕು. ಬೇರೆ ಊರುಗಳಲ್ಲಿ ದೆವ್ವಗಳು ಕತ್ತಲೆಗೆ ಕಾಯುತ್ತವಂತೆ; ನಮ್ಮಲ್ಲಿ ಅವಕ್ಕೆ ಆ ತೊಂದರೆಯಿಲ್ಲ. ಬೇಸಿಗೆಯ ನಡುಹೊತ್ತಿನಲ್ಲಿ ಹತ್ತಿ ಗಿರಣಿ ಊಟಕ್ಕೆಂದು ನಿಂತುಬಿಟ್ಟರೆ ಊರೇ ಉಸಿರು ಹಿಡಿದಂತೆ. ಬೋಳು ಗುಡ್ಡದ ಬಂಡೆಗಳು ಬಿಳಿಚಿಕೊಂಡು ಹತ್ತಿರ ಬಂದು ನಿಂತ ಹಾಗೆ ಕಾಣುತ್ತವೆ. ನೆರಳುಗಳು ಹೆದರಿ ಅವರವರ ಪಾದದಡಿಗೆ ಸೇರುತ್ತವೆ. ಬೀದಿಯಲ್ಲಿ ನಾಯಿಯೂ ಇಲ್ಲ. ಅಂಥ ಹೊತ್ತಿನಲ್ಲಿ ನಿಮ್ಮ ಹಿಂದೆ ಯಾರೋ ನಿಂತಿದ್ದಾರೆಂದು ಅನ್ನಿಸಿದರೆ ತಿರುಗಿ ನೋಡಿ ಪ್ರಯೋಜನವಿಲ್ಲ; ಅಷ್ಟು ಬೆಳಕಿನಲ್ಲಿ ಏನೂ ಕಾಣಿಸುವುದಿಲ್ಲ.

ಕುದುರೆಯ ಚಾಕರಿಯ ಹುಸೇನಿ ಗೋದಲಿಗೆ ಹುಲ್ಲು ಸುರಿದ. ಮೋತಿ ಮುಂಗಾಲುಗಳನ್ನು ಅಗಲಿಸಿ ನಿಂತಿತು. ಬಾಯಿ ತುಂಬ ಹುಲ್ಲು ಕಚ್ಚಿತು. ಮೂಗಿನಿಂದ "ಹ್ಞೂಂ" ಎಂದಿತು. ಆಮೇಲೆ ನಾವು ನೋಡನೋಡುತ್ತಿದ್ದಂತೆ ಗೋದಲಿಯ ತಳ ಕಂಡಿತು.

ಹುಸೇನಿ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ಹಿತ್ತಿಲ ಬಾಗಿಲಲ್ಲಿ ನೀರಿನ ಕೊಡ ಹಿಡಿದಿದ್ದ ಅತ್ತಿಗೆ ಅದನ್ನು ಮೆಲ್ಲಗೆ ಕೆಳಗಿಟ್ಟರು. ಕುದುರೆಗೆ ಹಸಿವಾಗಿರಬೇಕು ಎಂದು ನಾನು ಗಟ್ಟಿಯಾಗಿ ಹೇಳಿಕೊಂಡೆ. ಅಷ್ಟು ಗಟ್ಟಿಯಾಗಿ ಹೇಳುವ ಅಗತ್ಯವಿರಲಿಲ್ಲ.

ಮರುದಿನದಿಂದ ಅತ್ತಿಗೆ ಕುದುರೆಯ ಹೆಸರು ಹೇಳುವುದನ್ನು ಬಿಟ್ಟರು. ಇದು ನಮ್ಮ ಗಮನಕ್ಕೆ ಬರಲು ಕೆಲವು ದಿನ ಹಿಡಿಯಿತು. "ಹುಸೇನಿ, ಅವರು ನೀರು ಕುಡದ್ರೇನು?" "ಅವರ ಬಾಲಕ್ಕ ಮುಳ್ಳು ಹತ್ತ್ಯಾವ ನೋಡು." ಮನೆಗೆ ಯಾರೋ ನೆಂಟರು ಬಂದಿದ್ದಾರೇನೋ ಎಂದುಕೊಂಡಿದ್ದ ನಾನು, ಬಾಲದ ಮಾತು ಕೇಳಿದ ಮೇಲೆ ಲಾಯದ ಕಡೆ ನೋಡಿದೆ. ಗಂಡನ ಹೆಸರನ್ನು ಬಾಯಲ್ಲಿ ಆಡದ ಹೆಂಗಸು ಇನ್ನೇನು ತಾನೇ ಮಾಡಬೇಕು?

ಆ ವರ್ಷವೇ ಯುದ್ಧದ ದೆಸೆಯಿಂದ ಪೆಟ್ರೋಲು ಅಪರೂಪವಾಗಿ, ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತ ಹೋಗುತ್ತಿದ್ದವು. ಹೀಗಾಗಿ ಜಟಕಾಕ್ಕೆ ಬೆಲೆ ಬಂದಿತ್ತು. ಅಂಥದರಲ್ಲಿ ಒಂದು ದಿನ ಉಂಡ ಮೋತಿ ನೆಲಕ್ಕೆ ಬಿತ್ತು. ಮೈಯೆಲ್ಲ ಬೆವರು. ತಿರುಗಿ ತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಿತ್ತು, ಒಳಗೆ ಇನ್ನೊಬ್ಬರಿದ್ದಾರೇನೋ ಎಂಬಂತೆ.

ಸಾಲೋತ್ರಿಯನ್ನು, ಅಂದರೆ ಕುದುರೆ ವೈದ್ಯನನ್ನು, ಕರೆಸಿದೆವು. ಖಾದರ್ ಸಾಬ್ ಒಂದು ಕಾಲಕ್ಕೆ ಕುದುರೆ ಸೈನ್ಯದ ರಿಸಾಲೆಯಲ್ಲಿದ್ದವನು. ಯಾವ ರಿಸಾಲೆ ಎಂಬುದು ಅವನು ಹೇಳಿದಾಗಲೆಲ್ಲ ಬದಲಾಗುತ್ತಿತ್ತು. ಕುದುರೆಯ ಹೊಟ್ಟೆಗೆ ಕಿವಿ ಹಚ್ಚಿ, ಪಕ್ಕದ ಮನೆಯ ಜಗಳ ಕೇಳುವವನಂತೆ ಬಹಳ ಹೊತ್ತು ಕೇಳಿದ. ಏನೇನೋ ಕುಡಿಸಿದ. ಮೋತಿ ಎದ್ದು ನಿಂತ ಮೇಲೆ ಮೀಸೆ ಒರೆಸಿಕೊಂಡ.

"ಸಾವ್ಕಾರ್, ಕುದುರಿಗೆ ಕಕ್ಕೋ ವಿದ್ಯಾ ಖುದಾ ಕೊಟ್ಟಿಲ್ಲ. ಒಳಗ ಹೋದದ್ದು ಹಿಂದ ಬರಂಗಿಲ್ಲ. ಈ ಸರ್ತಿ ಬಚಾವ್ ಆತು. ಮತ್ತೊಮ್ಮೆ ಬಕಾಬಕಾ ತಿಂದು ಬಿತ್ತಂದ್ರ ನನ್ನ ಕರೀಬ್ಯಾಡ್ರಿ, ಕುಣಿ ತೋಡೋರನ್ನ ಕರೀರಿ. ರಿಸಾಲೆದಾಗ ಇಂಥವಕ್ಕ ಜಾಳಿಗ್ಯಾಗ ಹುಲ್ಲು ಕೊಡ್ತಿದ್ವಿ. ಸಾವಕಾಶ ತಿಂದ್ರ ಬದುಕ್ತೈತಿ. ಇಲ್ಲಾಂದ್ರ ಇಲ್ಲ."

ಬಾಗಿಲ ಹಿಂದಿನಿಂದ ಅತ್ತಿಗೆಯ ದನಿ ಬಂತು. "ತಮ್ಮಾ, ಒಂದ್ಸರ್ತಿ ಕಣ್ಣಾರೆ ನೋಡೇನಿ. ಇನ್ನೊಂದ್ಸರ್ತಿ ನೋಡಾಕ ನನ್ನ ಕೈಲಿ ಆಗಂಗಿಲ್ಲ. ಏನರ ಮಾಡು, ಅವರನ್ನ ಉಳಸು."

ಹೀಗೆ ನಾನು ಜಾಳಿಗೆಯ ಶಾಸ್ತ್ರಕ್ಕೆ ಪ್ರವೇಶ ಮಾಡಿದ್ದು.

ಮೊದಲ ಜಾಳಿಗೆ ಹತ್ತಿಯದು. ಅರಳೆಯ ಮನೆತನದವರು ಬೇರೆ ನಾರಿಗೆ ಕೈ ಚಾಚುವುದು ಹೇಗೆ? ಎಮ್ಮಿಗನೂರಿನ ಪರಿಚಯದ ನೇಕಾರನಿಗೆ ಹೇಳಿದೆ. ಆತ ಅದನ್ನು ಕೂಸಿನ ತೊಟ್ಟಿಲಿಗೆಂದು ತಿಳಿದನೋ ಏನೋ, ಬಹಳ ಮೃದುವಾಗಿ ಹೆಣೆದು, ಕೈ ತಡೆಯಲಾರದೆ ಕೆಂಪು ಅಂಚೂ ಹಾಕಿ ಕೊಟ್ಟ. ಮೋತಿ ಅಂಚಿನಿಂದ ಆರಂಭಿಸಿ ಜಾಳಿಗೆಯನ್ನೂ ಹುಲ್ಲನ್ನೂ ಭೇದವೆಣಿಸದೆ ತಿಂದಿತು. ಎರಡನೆಯದು ಪುಂಡಿ ನಾರಿನದು. ನೋಡಲು ಭದ್ರ, ಆದರೆ ಕುದುರೆಯ ಜೊಲ್ಲು ತಾಗಿ ತಾಗಿ ಗಂಟುಗಳ ಬುಡದಲ್ಲೇ ಕೊಳೆತು, ಒಂದು ದಿನ ಎಲ್ಲವೂ ಒಟ್ಟಿಗೆ ರಾಜೀನಾಮೆ ಕೊಟ್ಟವು. ಕತ್ತಾಳೆಯ ಹಗ್ಗದ್ದು ಗಟ್ಟಿಯೇ ಇತ್ತು. ಕುದುರೆಯ ತುಟಿ ಮಾತ್ರ ಅಷ್ಟು ಗಟ್ಟಿಯಿರಲಿಲ್ಲ. ರಕ್ತ ಕಂಡ ಅತ್ತಿಗೆ ಅದನ್ನು ತಾವೇ ಇಳಿಸಿ ಬಚ್ಚಲೊಲೆಗೆ ಹಾಕಿದರು. "ಉಣ್ಣೋ ಬಾಯಿಗೆ ಮುಳ್ಳು ಕಟ್ತೀರಲ್ಲೋ!" ಎಂದರು. ನಾನು ಅಪರಾಧಿಯಂತೆ ಒಲೆಯನ್ನೇ ನೋಡುತ್ತ ನಿಂತೆ.

ಕೊನೆಗೆ ಸಿ. ಬೆಳಗಲ್ ಕಡೆಗೆ, ತುಂಗಭದ್ರೆಯ ದಂಡೆಗೆ ಹೋದೆ. ಅಲ್ಲೊಬ್ಬ ಮುದಿ ಬೆಸ್ತ ಬಲೆ ಒಣಹಾಕುತ್ತಿದ್ದ. ಯಾವ ಮೀನಿಗೆ ಎಂದು ಕೇಳಿದ. ಕುದುರೆಗೆ ಎಂದೆ. ಆತ ಹೊಳೆಯನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, "ಗುರ್ರಂ ನೀಳ್ಳಲ್ಲೋ ಉಂದಾ ಸಾಮೀ?" ಎಂದ. ಕುದುರೆ ನೀರಿನಲ್ಲಿಲ್ಲ, ಲಾಯದಲ್ಲಿದೆ ಎಂದು ಭರವಸೆ ಕೊಟ್ಟೆ. ಹೊಸ ಬಲೆ ಬಿರುಸು, ಬೇಡ ಎಂದು ಹಳೆಯದರಲ್ಲೇ ಒಂದು ತುಂಡು ಕತ್ತರಿಸಿ ಚೀಲ ಮಾಡಿಕೊಟ್ಟ. ಸೆಣಬಿನ ಹುರಿ, ತಂಗಡಿ ತೊಗಟೆಯ ರಸದಲ್ಲಿ ಅದ್ದಿ ಅದ್ದಿ ಕಪ್ಪಾಗಿತ್ತು. ಇಷ್ಟು ವರ್ಷದಲ್ಲಿ ಹರಿದಿಲ್ಲ, ಏನೇನನ್ನೋ ಹಿಡಿದಿದೆ ಎಂದ. ಏನೇನು ಎಂದು ನಾನು ಕೇಳಲಿಲ್ಲ. ಆತನೂ ಹೇಳುವ ಉತ್ಸಾಹ ತೋರಲಿಲ್ಲ. ಜಟಕಾದಲ್ಲಿ ಹಿಂದಿರುಗುವಾಗ ಆ ಬಲೆಯಿಂದ ಹೊಳೆಯ ವಾಸನೆ ಬರುತ್ತಿತ್ತು. ಮೋತಿ ದಾರಿಯುದ್ದಕ್ಕೂ ಕಿವಿಯನ್ನು ಹಿಂದಕ್ಕೇ ತಿರುಗಿಸಿಕೊಂಡು ನಡೆಯಿತು.

ಓದುಗರಲ್ಲಿ ಯಾರಿಗಾದರೂ ಜಾಳಿಗೆ ಕೊಳ್ಳುವ ಯೋಗ ಬಂದರೆ ಉಪಯೋಗಕ್ಕಿರಲಿ ಎಂದು ಹೇಳುತ್ತೇನೆ: ಹುರಿಯ ದಪ್ಪಕ್ಕೆ ಮರುಳಾಗಬೇಡಿ, ಗಂಟನ್ನು ನೋಡಿ. ಉಗುರಿನಿಂದ ಮೀಟಿದರೆ ಅಲುಗಬಾರದು, ಒದ್ದೆಯಾದಷ್ಟೂ ಬಿಗಿಯಬೇಕು. ಬಲೆಯ ಕಣ್ಣಿನಲ್ಲಿ ಜೋಡಿ ಬೆರಳು ತೂರಬೇಕು, ಮುಷ್ಟಿ ತೂರಬಾರದು. ತೂಗುಹಾಕುವುದು ಕುದುರೆಯ ಕಣ್ಣಿನ ಎತ್ತರಕ್ಕೆ. ಖಾಲಿಯಾದ ಬಲೆ ಜೋತುಬಿದ್ದು ಕಾಲಿಗೆ ಸಿಕ್ಕಿದರೆ ಹೊಟ್ಟೆ ಉಳಿದು ಕಾಲು ಹೋಗುತ್ತದೆ. ಮೀನಿನ ಬಲೆ ದೊಡ್ಡದನ್ನು ಹಿಡಿದು ಸಣ್ಣದನ್ನು ಬಿಡುತ್ತದೆ. ಹುಲ್ಲಿನ ಬಲೆಯೂ ಅಷ್ಟೇ. ಆದರೆ ಇಲ್ಲಿ ಬದುಕಬೇಕಾದವನು ಬಲೆಯ ಹೊರಗಿದ್ದಾನೆ. ನಮ್ಮ ಶೈವ ಸಿದ್ಧಾಂತದಲ್ಲಿ ಪಶು, ಪಾಶ, ಪತಿ ಎಂದು ಮೂರು ತತ್ತ್ವಗಳು. ದೊಡ್ಡ ದೊಡ್ಡ ಮಠಗಳಲ್ಲಿ ಅವುಗಳ ಸಂಬಂಧವೇನೆಂದು ವರ್ಷಗಟ್ಟಲೆ ಚರ್ಚೆಯಾಗುತ್ತದೆ. ನಮ್ಮ ಲಾಯದಲ್ಲಿ ಮೂರೂ ಒಂದೇ ಗೂಟಕ್ಕೆ ಕಟ್ಟಿಸಿಕೊಂಡು ನಿಂತಿದ್ದವು.

ಬೆಸ್ತನ ಬಲೆ ಗೆದ್ದಿತು. ಗೋದಲಿಯನ್ನು ಕ್ಷಣದಲ್ಲಿ ಬರಿದು ಮಾಡುತ್ತಿದ್ದ ಮೋತಿಗೆ ಈಗ ನಡುಹಗಲಿನಿಂದ ಬಿಸಿಲು ಮೂಡಣ ಗೋಡೆಗೆ ಏರುವವರೆಗೂ ಊಟ. ಅಣ್ಣನಂಥ ಅಣ್ಣನನ್ನು ಹುರಿಯಿಂದ ಹತೋಟಿಗೆ ತಂದೆನೆಂದು ನಾನು ಒಳಗೊಳಗೇ ಬೀಗಿದೆ. ಆದರೆ ಆ ಊಟವನ್ನು ಬಹಳ ಹೊತ್ತು ನೋಡಲಾಗುತ್ತಿರಲಿಲ್ಲ. ಗಾಳಿಯಿಲ್ಲದ ಮಧ್ಯಾಹ್ನದಲ್ಲಿ ಬಲೆ ತೂಗುತ್ತಿತ್ತು. ಅದರ ನೆರಳಿನ ಕಣ್ಣುಗಳು ಗೋಡೆಯ ಮೇಲೆ ಹಿಗ್ಗುತ್ತ, ಕುಗ್ಗುತ್ತ, ಯಾರೋ ಉಸಿರಾಡುವಂತೆ ಕಾಣುತ್ತಿದ್ದವು. ಕರಕ್, ಕರಕ್ ಎಂದು ನಮಲುವ ಸದ್ದು. ಅದು ನಿಂತಾಗ ಏನೋ ಹೇಳಲಿದೆ ಎನ್ನಿಸುತ್ತಿತ್ತು. ನಾನು ಪ್ರತಿ ಸಲವೂ ಅದು ಹೇಳುವ ಮೊದಲೇ ಅಂಗಡಿಗೆ ಹೊರಟುಬಿಡುತ್ತಿದ್ದೆ.

ಒಂದು ದಿನ ನನ್ನ ಹೆಂಡತಿ ಗಿರಿಜೆ ತಡೆದಳು.

"ನಿಮ್ಮ ಬಲಿ ಭಾಳ ಚಲೋ ಐತಿ ಅಂತ ಊರೆಲ್ಲ ಹೇಳ್ಕೊಂಡು ಬಂದ್ರೇನು?"

"ಯಾಕ, ಹರೀತೇನು?"

"ಹರದಿದ್ರ ಪುಣ್ಯಾ ಬರ್ತಿತ್ತು. ಅಕ್ಕ ಮಧ್ಯಾಹ್ನದ ಊಟ ಯಾವಾಗ ಮಾಡ್ತಾಳ ಗೊತ್ತೈತೇನು? ದೀಪ ಹಚ್ಚೋ ಹೊತ್ತಿಗೆ."

"ಯಾಕ?"

"ಯಾಕಂದ್ರ! ಅವರದು ಆಗಿರಂಗಿಲ್ಲಲ್ಲ!"

ನಾನು ತಲೆಯ ಮೇಲೆ ಕೈಯಿಟ್ಟು ಕುಳಿತೆ. ಕುದುರೆ ತಿಂದು ಮುಗಿಸುವವರೆಗೆ ಅತ್ತಿಗೆ ಲಾಯದ ಗೋಡೆಗೆ ಒರಗಿ ನಿಲ್ಲುತ್ತಿದ್ದರು, ಆಮೇಲೆಯೇ ತುತ್ತು. ಗೋದಲಿಯ ಕಾಲದಲ್ಲಿ ಅದರಿಂದ ತೊಂದರೆಯಿರಲಿಲ್ಲ, ಅಣ್ಣನ ಕಾಲದಂತೆಯೇ ನಡೆದಿತ್ತು. ನಾನು ಬಲೆಯ ಕಣ್ಣು ಕಿರಿದು ಮಾಡಿದಷ್ಟೂ, ಗಂಟು ಭದ್ರ ಮಾಡಿದಷ್ಟೂ, ಅತ್ತಿಗೆಯ ಊಟ ದೂರ ಸರಿಯುತ್ತ ಹೋಗಿತ್ತು. ನೋಡಿದರೆ ಅವರ ಕೊರಳೆಲುಬು ಎದ್ದು ಕಾಣುತ್ತಿತ್ತು.

ತಿಳಿಸಿ ಹೇಳಲು ಹೋದೆ. "ಅತ್ತಿಗಮ್ಮಾ, ಅದು ಕುದುರಿ..."

"ನಾ ಕುದುರಿ ಅಲ್ಲ ಅಂದೆನೇನು?" ಎಂದರು ಶಾಂತವಾಗಿ. "ಇಷ್ಟು ವರ್ಷ ಅವರಕಿಂತ ಮೊದಲ ಉಂಡಿಲ್ಲ. ಈಗ ಅವರಿಗೆ ಕೇಳಾಕ ಬಾಯಿಲ್ಲ ಅಂತ ಉಂಡುಬಿಡ್ಲೇನು?"

ಇದಕ್ಕೆ ಉತ್ತರ ಯಾವ ಮಠದಲ್ಲೂ ಇರಲಾರದು. ಕೆಲವು ದಿನ ಕಳೆಯಿತು. ಒಂದು ಮಧ್ಯಾಹ್ನ ಅತ್ತಿಗೆ ನಿಂತಲ್ಲೇ ಗೋಡೆಗುಂಟ ಜಾರಿ ಕುಸಿದರು. ಗಿರಿಜೆ ಓಡಿ ಬಂದು ಮುಖಕ್ಕೆ ನೀರು ಹೊಡೆದು, ನನ್ನ ಕಡೆ ತಿರುಗಿ, "ಕುದುರಿ ಉಳಸಾಕ ಹೋಗಿ ಅಕ್ಕನ್ನ ಕೊಲ್ರಿ ಇನ್ನ" ಎಂದಳು.

ಬೇಗ ತಿಂದರೆ ಕುದುರೆ ಸಾಯುತ್ತದೆ, ಸಾವಕಾಶ ತಿಂದರೆ ಅತ್ತಿಗೆ. ದಲಾಲರ ಮನೆಯಲ್ಲಿ ಹುಟ್ಟಿದವನು ಇಂಥಲ್ಲಿ ಏನು ಮಾಡುತ್ತಾನೋ ಅದನ್ನೇ ಮಾಡಿದೆ: ನಡುವಿನ ಒಂದು ದರಕ್ಕೆ ಬಂದೆ. ಕತ್ತರಿ ತಂದು ಅಲ್ಲಲ್ಲಿ ಎರಡು ಕಣ್ಣುಗಳ ನಡುವಿನ ಹುರಿ ಕತ್ತರಿಸಿ ಒಂದೊಂದೇ ದೊಡ್ಡ ಕಣ್ಣು ಮಾಡಿದೆ. ಕುದುರೆಗೂ ಅತ್ತಿಗೆಗೂ ಅರ್ಧರ್ಧ ನ್ಯಾಯ. ಮೋತಿ ಆ ಕಿಂಡಿಗಳನ್ನು ಮೊದಲ ದಿನವೇ ಕಂಡುಹಿಡಿದು, ಮೂತಿ ತೂರಿಸಿ, ಒಳಗಿನದನ್ನೆಲ್ಲ ಒಂದೇ ಸಲಕ್ಕೆ ಜಗ್ಗಿ ನುಂಗಿ ನೆಲಕ್ಕೆ ಬಿತ್ತು.

ಕರೆಯಬೇಡಿ ಎಂದಿದ್ದ ಖಾದರ್ ಸಾಬ್ ಕರೆದ ಕೂಡಲೇ ಬಂದ. "ಮಲಗಾಕ ಬಿಡಬ್ಯಾಡ್ರಿ. ಎಬ್ಬಿಸಿ ನಡಸ್ರಿ. ನಿಂತ್ರ ಹೋತು!" ಎಂದ. ಹುಸೇನಿ ಹಗ್ಗ ಹಿಡಿದು ಜಗ್ಗತೊಡಗಿದ. ಹಗ್ಗವನ್ನು ಅತ್ತಿಗೆ ಕಸಿದುಕೊಂಡರು. ಅಣ್ಣ ಹೋದ ಮೇಲೆ ತಲೆಬಾಗಿಲು ದಾಟದಿದ್ದವರು ಕುದುರೆಯನ್ನು ಹಿಡಿದುಕೊಂಡು ಸೀದಾ ಬೀದಿಗೆ ಇಳಿದರು.

ಬೀದಿ ಬಿಳಿಯಾಗಿ ಉರಿಯುತ್ತಿತ್ತು. ಒಂದು ಕದವೂ ತೆರೆದಿರಲಿಲ್ಲ. ಮುಂದೆ ಅತ್ತಿಗೆ, ಹಿಂದೆ ತೂರಾಡುವ ಮೋತಿ, ಅದರ ಹಿಂದೆ ನಾವು. ಯಾರಾದರೂ ನೋಡಿದ್ದರೆ ಇದು ಯಾವ ಮೆರವಣಿಗೆ ಎಂದು ಹೆದರಿ ಓಡುತ್ತಿದ್ದರು. ಮೋತಿ ಮಂಡಿಯೂರಲು ಹೋದಾಗಲೆಲ್ಲ ಅತ್ತಿಗೆ ಅದರ ಕಿವಿಗೆ ಬಾಯಿಟ್ಟು ಏನೋ ಹೇಳುತ್ತಿದ್ದರು. ಅದು ತಡವರಿಸಿ ಮತ್ತೆ ಹೆಜ್ಜೆಯಿಡುತ್ತಿತ್ತು. ಮಂತ್ರವೋ ಎಂದು ಹತ್ತಿರ ಹೋದೆ. ಮಂತ್ರವಲ್ಲ, ಬೈಗುಳ.

"ಏಳ್ರಿ. ನಡೀರಿ. ಉಣ್ಣೋ ಮುಂದ ಬುದ್ಧಿ ಇರಬೇಕಿತ್ತು. ಯಾರು ಕಸಗೊಂತಿದ್ರು ನಿಮ್ಮ ಗಂಗಾಳಾನ? ಸಾವಕಾಶ ಉಣ್ರಿ, ಸಾವಕಾಶ ಉಣ್ರಿ ಅಂತ ದಿನಾ ಮನಸಿನ್ಯಾಗ ಅಂತಿದ್ದೆ. ಒಂದಿನಾರ ಕೇಳಿದ್ರೇನು?"

ಹಿಂದಿನಿಂದ ಖಾದರ್ ಸಾಬ್ ಬಹಳ ಗಂಭೀರವಾಗಿ, "ಮನಸಿನ್ಯಾಗ ಅಂದ್ರ ಅವರಿಗೆ ಹೆಂಗ ಕೇಳಸ್ತೈತಮ್ಮಾ? ಬಾಯಿಬಿಟ್ಟು ಹೇಳ್ಬೇಕು" ಎಂದ.

ಅತ್ತಿಗೆ ನಿಂತುಬಿಟ್ಟರು. ಕುದುರೆಯೂ ನಿಂತಿತು. ನಿಂತರೆ ಹೋಯಿತು ಎಂದವನೇ ನಿಲ್ಲಿಸಿದನಲ್ಲ ಎಂದು ನಾನು ಹಗ್ಗಕ್ಕೆ ಕೈ ಚಾಚಿದೆ. ಮೋತಿ ತಲೆಯೆತ್ತಿ ಅತ್ತಿಗೆಯ ಮುಖವನ್ನು ನೋಡಿತು. ಕುದುರೆಗಳು ಸಾಮಾನ್ಯವಾಗಿ ಒಂದು ಕಣ್ಣಿನಿಂದ ಓರೆಯಾಗಿ ನೋಡುತ್ತವೆ; ಇದು ಎರಡೂ ಕಣ್ಣಿನಿಂದ ನೆಟ್ಟಗೆ ನೋಡಿತು. ಆಮೇಲೆ ಅದರ ಹೊಟ್ಟೆಯೊಳಗೆ ದೂರದ ಗುಡುಗಿನಂಥ ಸದ್ದಾಗಿ, ಸಾಲೋತ್ರಿಯ ಶಾಸ್ತ್ರದಲ್ಲಿ ಬಹಳ ಶುಭವೆಂದೂ ಗೃಹಸ್ಥರ ಬರಹದಲ್ಲಿ ಹೇಳಬಾರದ್ದೆಂದೂ ಎಣಿಸಲಾದ ಒಂದು ಘಟನೆ ನಡೆಯಿತು. ಖಾದರ್ ಸಾಬ್ ಆಕಾಶಕ್ಕೆ ಕೈಯೆತ್ತಿದ. ಗಂಡಾಂತರ ಕಳೆದಿತ್ತು.

ಮರುದಿನ ಮಧ್ಯಾಹ್ನ ಲಾಯದಲ್ಲಿ ನೋಡಿದರೆ ಜಾಳಿಗೆ ಗೂಟದಲ್ಲಿತ್ತು. ನಾನು ಕತ್ತರಿಸಿದ್ದ ಕಣ್ಣುಗಳನ್ನೆಲ್ಲ ಅತ್ತಿಗೆ ಕೂತು ಹುರಿಯಿಂದ ಮತ್ತೆ ಹೆಣೆದಿದ್ದರು, ಮೊದಲಿಗಿಂತ ಕಿರಿದಾಗಿ. ಅದರ ಎದುರಿಗೆ ಒಂದು ಮಣೆ. ಅವರು ತಮ್ಮ ಗಂಗಾಳ ಹಿಡಿದುಕೊಂಡು ಬಂದು ಆ ಮಣೆಯ ಮೇಲೆ ಕುಳಿತರು. ಬಾಗಿಲಲ್ಲಿ ಗಿರಿಜೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಮ್ಮ ಮನೆಯಲ್ಲಿ ಗಂಡನ ಎದುರಿಗೆ ಗಂಗಾಳ ಹಾಕಿಕೊಂಡು ಕುಳಿತ ಮೊದಲ ಹೆಂಗಸು ಅತ್ತಿಗೆಯೇ ಇರಬೇಕು.

"ನಿಮ್ಮದು ಆಗೋ ಮಟ ಕಾಯೋದು ಇನ್ನ ನನ್ನ ಕೈಲಿ ಆಗಂಗಿಲ್ಲ" ಎಂದರು ಕುದುರೆಗೆ, ಬಾಯಿಬಿಟ್ಟು, ಸ್ಪಷ್ಟವಾಗಿ. "ಇವತ್ತಿನಿಂದ ಜೊತಿಗೇ ಉಣ್ಣೋಣ. ನಾ ಒಂದು ತುತ್ತು, ನೀವು ಒಂದು ತುತ್ತು."

ರೊಟ್ಟಿ ಮುರಿದು ಬಾಯಿಗಿಟ್ಟರು. ಬಲೆಗೆ ಬಾಯಿ ಹಾಕಿದ್ದ ಮೋತಿ ಹಾಗೇ ನಿಂತಿತು. ಗಿರಣಿಯ ಸದ್ದಿಲ್ಲ, ಕಾಗೆಯ ಕೂಗಿಲ್ಲ. ತೂಗುತ್ತಿದ್ದ ಬಲೆಯೂ ನಿಂತಿತ್ತು. ಅತ್ತಿಗೆ ನಮಲಿ ನುಂಗಿದರು. ಆಗ ಮೋತಿ ಒಂದು ಎಸಳು ಎಳೆದು ನಮಲಿತು. ಅತ್ತಿಗೆ ಇನ್ನೊಂದು ತುತ್ತು ಮುರಿದರು. ಮೋತಿ ಕಾಯಿತು. ಎರಡು ದವಡೆಗಳ ಸದ್ದು ಒಂದಾದ ಮೇಲೊಂದು, ಒಂದಾದ ಮೇಲೊಂದು. ಕುದುರೆಗೆ ಜೊತೆಯಿದ್ದರೆ ಗಾಬರಿ ಕಡಿಮೆ, ಗಾಬರಿ ಕಡಿಮೆಯಾದರೆ ಆತುರವೂ ಕಡಿಮೆ ಎಂದು ಖಾದರ್ ಸಾಬ್ ಆಮೇಲೆ ವಿವರಿಸಿದ. ಒಪ್ಪಿದೆ. ಒಪ್ಪುವುದರಲ್ಲಿ ಬಹಳ ನೆಮ್ಮದಿಯಿತ್ತು.

ಅಂದಿನಿಂದ ಇಬ್ಬರ ಊಟವೂ ಹದಕ್ಕೆ ಬಂತು. ಅತ್ತಿಗೆಯ ಊಟ ಮುಗಿದ ಮೇಲೂ ಮೋತಿ ಮೆಲ್ಲಗೆ ತಿನ್ನುತ್ತಲೇ ಇರುತ್ತಿತ್ತು. ಅವರು ಅಲ್ಲೇ ಕುಳಿತು ಬತ್ತಿ ಹೊಸೆಯುತ್ತ ಮನೆಯ ಸುದ್ದಿ ಹೇಳುತ್ತಿದ್ದರು. ಕೊರಳೆಲುಬು ಮರೆಯಾಯಿತು. ಕುದುರೆ ಮತ್ತೆ ಬೀಳಲಿಲ್ಲ. ಹುಸೇನಿ ಒಂದು ದಿನ ಜಾಳಿಗೆ ತುಂಬುವುದನ್ನು ಮರೆತು ಗೋದಲಿಗೇ ಹುಲ್ಲು ಸುರಿದುಬಿಟ್ಟ. ನಾನು ಗಾಬರಿಯಾಗಿ ಓಡಿದೆ. ಮೋತಿ ರಾಶಿ ಹುಲ್ಲಿನ ಮುಂದೆ ನಿಂತುಕೊಂಡು, ಅತ್ತಿಗೆ ಮಣೆಯ ಮೇಲೆ ಕೂರುವವರೆಗೆ ಕಾಯುತ್ತಿತ್ತು. ಅವರು ಕುಳಿತ ಮೇಲೆ ಅವರ ತುತ್ತಿಗೆ ಸರಿಯಾಗಿ ತಿಂದಿತು.

ಊರೂರು ಅಲೆದು, ಹುರಿ ಹುರಿ ಪರೀಕ್ಷಿಸಿ ನಾನು ಸಂಪಾದಿಸಿದ್ದ ವಿದ್ಯೆಗೆ ಇನ್ನು ಕೆಲಸವಿಲ್ಲವೆಂದು ಮನಸ್ಸಿಗೆ ಸ್ವಲ್ಪ ನೋವಾಯಿತು. ಆದರೂ ಗೃಹಸ್ಥನ ಔದಾರ್ಯ ತೋರಿಸಿ, "ಅತ್ತಿಗಮ್ಮಾ, ಇನ್ನ ಆ ಬಲಿ ಯಾತಕ್ಕ ಬೇಕು? ಇಳಿಸಿಬಿಡ್ಲೇನು?" ಎಂದು ಕೇಳಿದೆ.

ಅತ್ತಿಗೆ ಮೋತಿಯ ಕಡೆ ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದು, ಅದಕ್ಕೆ ಕೇಳಿಸದಂತೆ ದನಿ ತಗ್ಗಿಸಿ ಹೇಳಿದರು:

"ಇರ್ಲಿ ಬಿಡು ತಮ್ಮಾ. ಎದುರಿಗೆ ನಾ ಕುಂತೀನಂತ ಹಿಂಗ ಉಣ್ಣಾಕತ್ಯಾರ. ಒಂದು ತಂಬಿಗಿ ನೀರಿಗೆ ಅಂತ ಎದ್ದು ಒಳಗ ಹೋದ್ನಂದ್ರ ನನಗ ಅವರ ಮ್ಯಾಲ ಭರವಸಿ ಇಲ್ಲ."